ಪಕ್ಕದ ಗುಳಿ

ಕೋಶಗಳನ್ನು ಬೆಳೆಸುವ ಪುಟ್ಟ ಗುಳಿಗಳ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಎರಡನೇ ಸಾಲಿನ ಮೂರನೇ ಗುಳಿ ಹಸಿರಾಗಿ ಹೊಳೆಯುತ್ತಿತ್ತು. ಅದು ಹೆಚ್ಚುಕಡಿಮೆ ಕಪ್ಪಾಗಿರಬೇಕಿತ್ತು.

ಜೀವಂತ ಕೋಶಗಳು ತಮ್ಮೊಳಗೆ ತೀರಾ ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಸಲ್ಫೈಡ್ ತಯಾರಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದು. ಚಾಮರಾಜನಗರದ ನಮ್ಮ ಲ್ಯಾಬಿನಲ್ಲಿ ಅದನ್ನು ಗುರುತಿಸುವ ಬಣ್ಣವೊಂದನ್ನು ಪರೀಕ್ಷಿಸುತ್ತಿದ್ದೆವು. ಸಲ್ಫೈಡ್ ಸಿಕ್ಕರೆ ಆ ಬಣ್ಣ ಮೈಕ್ರೋಸ್ಕೋಪಿನಡಿ ಹಸಿರಾಗಿ ಬೆಳಗುತ್ತದೆ. ಮೂರನೇ ಗುಳಿಯ ಕೋಶಗಳಿಗೆ ನಾವು ಸಲ್ಫೈಡ್ ಕೊಟ್ಟಿರಲೇ ಇಲ್ಲ.

ದ್ರಾವಣ ಹಾಕಿದವಳು ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಬರುವ ಎಂಎಸ್ಸಿ ಹುಡುಗಿ. ಮೂರು ಸಲ ಹೀಗೇ ಆದಾಗ ಲ್ಯಾಬಿನ ಮುಖ್ಯಸ್ಥರಾದ ಸರ್ ನನ್ನನ್ನು ಕಾರಣ ಕೇಳಿದರು. ದ್ರಾವಣ ಹಾಕುವ ಪಿಪೆಟ್ಟಿನ ತುದಿ ಬದಲಿಸಲು ಅವಳು ಮರೆತು, ಬೇರೆ ಗುಳಿಯ ಸಲ್ಫೈಡ್ ಇದಕ್ಕೂ ಸೇರಿರಬಹುದು ಎಂದೆ. ಅವಳು ಅಲ್ಲೇ ನಿಂತಿದ್ದಳು.

"ಬದಲಾಯ್ಸಿದ್ದೆ ಅಕ್ಕ" ಎಂದಳು, ಅಷ್ಟೆ.

ಸೋಮವಾರದಿಂದ ಬೇರೆ ವಿಷಯ ಹುಡುಕಿಕೊಳ್ಳಲು ಸರ್ ಅವಳಿಗೆ ಹೇಳಿದರು. ಅವಳು ವರದಿ ಒಪ್ಪಿಸಲು ಉಳಿದಿದ್ದು ಒಂದೇ ತಿಂಗಳು.

ಭಾನುವಾರ ಹಂಗಳದ ಮನೆಯಲ್ಲಿದ್ದೆ. ಕಾಯಿಸಿದ ಹಾಲು ಆರಲೆಂದು ಪಾತ್ರೆಯನ್ನು ಮುಚ್ಚದೆ, ಬಸ್ಸಾರಿಗೆ ಅವ್ವ ಜಜ್ಜಿಟ್ಟಿದ್ದ ಬೆಳ್ಳುಳ್ಳಿಯ ಪಕ್ಕ ಇಟ್ಟೆ.

"ಆಲ್ನ ಅಲ್ಲಿ ಯಾಕಮ್ಮಿ ಇಟ್ಬುಟ್ಟೆ? ಬೆಳ್ಳುಳ್ಳಿ ನಾತ ಒಡೀತದೆ."

ತಗುಲಿಲ್ಲವಲ್ಲ ಎಂದೆ.

"ತಗುಲ್ಬೇಕಾ? ಪಕ್ಕದಲ್ಲಿದ್ರೆ ಸಾಕು ಕಣಮ್ಮಿ. ಇಷ್ಟ್ ಓದ್ಬುಟ್ಟು ಇದೂ ಗೊತ್ತಿಲ್ವಾ?"

ಅವ್ವ ನಕ್ಕಳು. ನಾನು ಪಾತ್ರೆ ಹಿಡಿದು ಹಾಗೇ ನಿಂತೆ. ಯಾವ ಗುಳಿಗೆ ಏನು ಎಂಬ ನಕ್ಷೆ ಬರೆದವಳು ನಾನು. ಒಂದು ಪ್ಲೇಟು ಉಳಿಯಲಿ ಎಂದು ಎಲ್ಲವನ್ನೂ ಒಂದರಲ್ಲೇ ಹೊಂದಿಸಿದ್ದೆ. ಸಲ್ಫೈಡ್ ಇಲ್ಲದ ಗುಳಿಯ ಪಕ್ಕದಲ್ಲೇ ಅತಿ ಹೆಚ್ಚು ಸಲ್ಫೈಡಿನ ಗುಳಿ. ದ್ರಾವಣದಿಂದ ಎದ್ದ ಅನಿಲ ಮುಚ್ಚಳದಡಿಯಲ್ಲೇ ಪಕ್ಕಕ್ಕೆ ಹರಡಿರಬೇಕು. ಅದು ಅನಿಲವೆಂದು ನಾನೇ ಅವಳಿಗೆ ಪಾಠ ಮಾಡಿದ್ದೆ.

ಮರುದಿನ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ ಬದಲಿಸಿ, ಸರ್ ಬರುವ ಮೊದಲೇ ಲ್ಯಾಬ್ ತಲುಪಿದೆ. ಸಲ್ಫೈಡ್ ಇರುವುದಕ್ಕೆ ಒಂದು, ಇಲ್ಲದ್ದಕ್ಕೆ ಒಂದು ಎಂದು ಎರಡು ಪ್ಲೇಟು ತೆಗೆದಿಟ್ಟೆ. ಹುಡುಗಿ ತನ್ನ ನೋಟ್‌ಬುಕ್ ತೆಗೆದುಕೊಂಡು ಹೋಗಲು ಬಂದಳು. ಸ್ವಲ್ಪ ಇರು ಎಂದೆ. ಹೇಳಬೇಕಾದದ್ದನ್ನು ಅವಳ ಎದುರೇ ಹೇಳಬೇಕಿತ್ತು. ಸರ್ ಬಂದ ಮೇಲೆ ಅವಳನ್ನು ಕರೆದುಕೊಂಡು ಅವರ ಕೋಣೆಗೆ ಹೋದೆ. ನಕ್ಷೆಯನ್ನು ಮೇಜಿನ ಮೇಲಿಟ್ಟು, ಇದನ್ನು ಬರೆದವಳು ನಾನು, ತಪ್ಪು ಅವಳದಲ್ಲ ಎಂದೆ.