ಟೀಚರ್ ಕೇಳಿದ್ದ ನಿನ್ನೆಯ ನೀರು

೧೯೮೭, ಮೇ ತಿಂಗಳ ಮೊದಲ ಭಾನುವಾರ. ಬೆಳಿಗ್ಗೆ ಏಳೂವರೆಗೆ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ನಿನ್ನೆ ಅಜ್ಜಂಪುರದ ನಮ್ಮ ಬೀದಿಗೆ ಕಲಾಯಿಯವನು ಬಂದಿದ್ದ. ಕಾದ ಪಾತ್ರೆಗೆ ನವಸಾಗರ ಹಾಕಿ ಉಜ್ಜಿದಾಗ ಎದ್ದ ಬಿಳಿ ಹೊಗೆ ಮೂಗಿಗೆ ಬಡಿಯಿತು. ಶಿಶುವಿಹಾರದ ಟೀಚರ್ ನೆನಪಾದರು...

ಆಗ ನಾನು ಏಳನೇ ಕ್ಲಾಸು. ಅಮ್ಮ ಶಿಶುವಿಹಾರದಲ್ಲಿ ಆಯಾ. ಟೀಚರ್ ಹೊರಗಿನವರು, ಒಂಟಿ. ಸಂಜೆ ಅವರ ಬಾಗಿಲು ತಟ್ಟುವವರು ಯಾರೂ ಇರಲಿಲ್ಲ. ಆ ವರ್ಷ ಮಕ್ಕಳು ಮೇಲಿಂದ ಮೇಲೆ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದವು. ಕುಡಿಯುವ ನೀರಿನ ಹಿತ್ತಾಳೆ ಹಂಡೆಗೆ ಹೊಸದಾಗಿ ಕಲಾಯಿ ಆಗಿತ್ತು. ಟೀಚರ್ ಅದರ ಒಳಮೈಯನ್ನು ಬಿಳಿ ಬಟ್ಟೆಯಿಂದ ಉಜ್ಜಿದರು, ಬಟ್ಟೆ ಕಪ್ಪಾಯಿತು. ಕಲಾಯಿಯ ತವರಕ್ಕೆ ಅಗ್ಗದ ಸೀಸ ಬೆರೆಸಿದ್ದಾರೆ ಎಂದು ಅವರ ಅನುಮಾನ. ಕಲಾಯಿ ಹಾಕಿಸಿದ್ದ ಕಮಿಟಿಯ ಯಜಮಾನರು ನಕ್ಕುಬಿಟ್ಟರು. ಟೀಚರ್ ತಾವೇ ಅರ್ಜಿ ಬರೆದು ನೀರಿನ ಪರೀಕ್ಷೆಗೆ ಸಾಹೇಬರೊಬ್ಬರನ್ನು ಕರೆಸಿದರು.

ಸಾಹೇಬರು ಬರುವ ಹಿಂದಿನ ಸಂಜೆ ಟೀಚರ್ ಅಮ್ಮನಿಗೆ ಹೇಳಿದ್ದರು: “ಆಯಮ್ಮಾ, ಹಂಡೆ ಮುಟ್ಟಬೇಡಿ. ರಾತ್ರಿಯೆಲ್ಲ ನಿಂತ ನೀರೇ ಬೇಕು.”

ಮನೆಗೆ ಬಂದ ಅಮ್ಮನಿಗೆ ಸಮಾಧಾನವಿಲ್ಲ. “ದೊಡ್ಡೋರು ಬತ್ತಾರೆ, ನಿನ್ನೆ ನೀರು ಕೊಡಕ್ಕಾಗ್ತದೇನೇ? ಮುಖಕ್ಕೆ ಉಗೀತಾರೆ ಕಣೇ!”

ಬೆಳಗಾಗುತ್ತಲೇ ಹೋಗಿ, ಹುಣಸೆಹಣ್ಣು ಹಾಕಿ ಹಂಡೆ ಉಜ್ಜಿ, ಹೊಸ ನೀರು ತುಂಬಿದಳು. ಸಾಹೇಬರು ಮೊದಲ ಬಸ್ಸಿಗೇ ಬಂದರು. ಟೀಚರ್ ಬರುವಷ್ಟರಲ್ಲಿ ಪರೀಕ್ಷೆಯ ನೀರು ತುಂಬಿದ ಬಾಟಲಿಗೆ ಬಿರಡೆ ಬಿದ್ದಿತ್ತು.

“ಹಂಡೆ ತೊಳೆದ್ರಾ ಆಯಮ್ಮಾ?”

“ಹೂಂ ಕಣ್ರಮ್ಮಾ, ಪಳಪಳ ಅನ್ನಂಗೆ!”

ನಾಳೆ ಇನ್ನೊಮ್ಮೆ ಬನ್ನಿ ಎಂದು ಟೀಚರ್ ಬೇಡಿಕೊಂಡರು. ಸಾಹೇಬರು ಆಗಲ್ಲ ಎಂದು ಹೊರಟುಹೋದರು. ಸೀಸ ಇಲ್ಲವೆಂದು ವರದಿ ಬಂತು.

“ಏನ್ ಟೀಚರಮ್ಮಾ, ನಮ್ ಹಂಡೇಲಿ ವಿಷ ಸಿಕ್ತಾ?” ಯಜಮಾನರು ಮಕ್ಕಳೆದುರಿಗೇ ಕೇಳಿದರು.

ನಡೆದದ್ದನ್ನು ಹೇಳಿದ್ದರೆ ಟೀಚರ್ ಮಾನ ಉಳಿಯುತ್ತಿತ್ತು, ಅಮ್ಮನ ಕೆಲಸ ಹೋಗುತ್ತಿತ್ತು. ಅವರು ಹೇಳಲಿಲ್ಲ. ಮಕ್ಕಳಿಗೆಂದು ಒಂದು ಮಣ್ಣಿನ ಮಡಕೆ ತಂದು ನೀರು ತುಂಬಿಟ್ಟರು. ಅದನ್ನು ಮುಟ್ಟಬೇಡಿ ಎಂದು, ಯಜಮಾನರ ಮಾತು ನಂಬಿದ ತಾಯಂದಿರು ಮಕ್ಕಳಿಗೆ ಹೇಳಿ ಕಳಿಸಿದರು. ಮಧ್ಯಾಹ್ನ ಆ ಮಡಕೆಯ ನೀರು ಕುಡಿಯುತ್ತಿದ್ದವರು ಅವರೊಬ್ಬರೇ... ಬೇಸಿಗೆ ರಜಕ್ಕೆ ಬೀರೂರಿನ ರೈಲು ಹತ್ತಿದವರು ಮತ್ತೆ ಬರಲಿಲ್ಲ. ಎಲ್ಲಕ್ಕೂ ತಾರೀಕು ಬರೆದಿಡುವ ನಾನು ಅದನ್ನು ಬರೆದುಕೊಳ್ಳಲಿಲ್ಲ. ಬರುತ್ತಾರೆ ಅಂದುಕೊಂಡಿದ್ದೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಬಿಡಿಸಿ ಹೇಳಿದೆ: ಕಲಾಯಿಗೆ ತಾಗಿ ರಾತ್ರಿಯೆಲ್ಲ ನಿಂತರೇ ಸೀಸ ನೀರಿಗಿಳಿಯುವುದು, ಅದಕ್ಕೇ ಆ ನೀರು ಬೇಕಿತ್ತು ಎಂದು. ಅಮ್ಮ ತುತ್ತು ಕೈಯಲ್ಲೇ ಹಿಡಿದು ಕೂತಳು.

“ಮತ್ತ್ಯಾಕೇ ಅವ್ರು ನನ್ನ ಬೈಲಿಲ್ಲ?”

ಆ ಟೀಚರ್ ಈಗ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಯಾವ ಊರಾದರೂ ಸರಿ, ಅಮ್ಮ ಬರುತ್ತಾಳಂತೆ.