ಒಲೆಯ ಪಕ್ಕದ ಬೋರಲು ತಾಟು

ಆಕೆಯ ಅಂಗೈ ಬಿಸಿಯಾಗಿರುತ್ತಿತ್ತಂತೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಮೈಯೊಳಗೆ ಕರೆಂಟು ಹರಿದ ಹಾಗಾಗುತ್ತಿತ್ತಂತೆ. ಗಂಗಾವತಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಹೀಗೇ ಹೇಳುತ್ತಾರೆ. ನಾನು ಆ ಕೈ ಮುಟ್ಟಿದ್ದೇನೆ. ತಣ್ಣಗಿತ್ತು. ಬೆಳಗಿನಿಂದ ಮಂಡಕ್ಕಿ ನೆನೆಸಿ ಹಿಂಡಿ ಬೆರಳ ತುದಿಗಳು ಸುಕ್ಕುಗಟ್ಟಿದ್ದವು, ಉಗುರುಗಳಿಗೆ ಅರಿಶಿನ ಹತ್ತಿತ್ತು, ಮುಂಗೈ ತುಂಬ ಎಣ್ಣೆ ಸಿಡಿದ ಕಪ್ಪು ಚುಕ್ಕೆಗಳು.

ನಮ್ಮಪ್ಪನ ಕುಡಿತ ಬಿಡಿಸಿದವರು ಆಕೆ. ಅಕ್ಕಿ ಗಿರಣಿಯ ಗೇಟಿನೆದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಬಂಡಿ ಇಟ್ಟುಕೊಂಡಿದ್ದರು. ಭಾನುವಾರ ತಮ್ಮ ಪಡಸಾಲೆಯಲ್ಲೇ ಪ್ರಾರ್ಥನೆ ನಡೆಸುತ್ತಿದ್ದರು. ಓಣಿಗೆಲ್ಲ ಅಮ್ಮಗಾರು, ಅಪ್ಪನಿಗೆ ಅವ್ವಾರು. ನಾನು ಮಾತ್ರ ಹಠಕ್ಕೆ ಬಿದ್ದು ಆಂಟಿ ಎನ್ನುತ್ತಿದ್ದೆ.

ಈ ಕಥೆಗೆ ಎರಡು ರೂಪಗಳಿವೆ. ಪ್ರಾರ್ಥನೆಗೆ ಬರುವವರದು, ಯೇಸು ಒಂದೇ ರಾತ್ರಿಯಲ್ಲಿ ಬಿಡಿಸಿದ ಎಂಬುದು. ಕುಷ್ಟಗಿಯ ನಮ್ಮ ಸೋದರಮಾವನದು, "ಆಕಿ ಒಗ್ಗರಣ್ಯಾಗ ಏನೋ ಹಾಕ್ಯಾಳ. ನಾಳೆ ಇವನ ಹೆಸರೂ ಬದಲಿ ಮಾಡ್ತಾಳ, ನೋಡ್ಕೋಂತ ಇರ್ರಿ." ಎರಡೂ ಸುಳ್ಳು. ಅಪ್ಪನ ಹೆಸರು ಬದಲಾಗಲಿಲ್ಲ, ನಮ್ಮ ದೇವರ ಜಗಲಿ ಕದಲಲಿಲ್ಲ. ಒಂದು ರಾತ್ರಿಯಂತೂ ಅಲ್ಲವೇ ಅಲ್ಲ. ಬಿಟ್ಟ, ಹಿಡಿದ, ಮತ್ತೆ ಬಿಟ್ಟ. ಕೈ ನಡುಗತೊಡಗಿದಾಗ ಅವನನ್ನು ಸರ್ಕಾರಿ ದವಾಖಾನೆಗೆ ದಬ್ಬಿದವರೂ ಆಕೆಯೇ. "ಗುಳಿಗಿನೂ ದೇವರ ಕೊಟ್ಟಿದ್ದೋ ಯಪ್ಪಾ, ಸುಮ್ನ ನುಂಗು."

ನಡೆದದ್ದು ಇಷ್ಟು. ಅಪ್ಪ ಗಿರಣಿಯಲ್ಲಿ ಮೆಕ್ಯಾನಿಕ್. ಹಿಂದಿನ ದಿನದ ವಾಸನೆ ಹೊತ್ತುಕೊಂಡೇ ಬಂಡಿಗೆ ನಾಷ್ಟಾಕ್ಕೆ ಬರುತ್ತಿದ್ದ. ಆಕೆ ಬೈಯುತ್ತಿರಲಿಲ್ಲ, ಉಪದೇಶವೂ ಇಲ್ಲ. ಅವನಿಗೆ ಬಿಸಿ ಒಗ್ಗರಣೆ ಕೊಟ್ಟು, ತಮ್ಮ ತಾಟನ್ನು ಒಲೆಯ ಪಕ್ಕ ಬೋರಲು ಹಾಕಿಬಿಡುತ್ತಿದ್ದರು. ಇವತ್ತು ತಮಗೆ ಊಟವಿಲ್ಲ ಎಂದರ್ಥ. ದಿನವಿಡೀ ನೀರು, ಮಧ್ಯಾಹ್ನ ಒಂದು ಲೋಟ ಚಹಾ. ಅಪ್ಪ ಕುಡಿಯದೆ ಬಂದ ದಿನ ತಾಟು ಮೇಲ್ಮುಖವಾಗುತ್ತಿತ್ತು. ಊರಿಗೆಲ್ಲ ಬಡಿಸುವ ಹೆಂಗಸು ತನ್ನ ಸಲುವಾಗಿ ಹಸಿದು ನಿಲ್ಲುವುದು ಅವನಿಗೆ ತಡೆಯಲಾಗಲಿಲ್ಲ.

"ನನ್ನ ಮ್ಯಾಲ ಸಿಟ್ಟೇನ್ರೀ ಅವ್ವಾರ?"

"ಸಿಟ್ಟ ಯಾಕೋ? ನೀ ನನಗ ಮರತ ಹೋಗಬಾರದು. ಹೊಟ್ಟಿ ಚುರ್ ಅಂದಾಗೊಮ್ಮೆ ಯೇಸಪ್ಪನ ಮುಂದ ನಿನ್ನ ಹೆಸರು ಹೇಳತೇನಿ."

ಈ ಮಾತನ್ನು ಅಪ್ಪ ಮನೆಯಲ್ಲಿ ಹೇಳಿ ಹೇಳಿ ಅತ್ತ. ನನ್ನ ಮೈ ಉರಿಯಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತು ಮುಗಿಯುವ ಮೊದಲೇ ಅದರ ತೂತು ಹುಡುಕುವವಳು ನಾನು. ನೇರ ಬಂಡಿಗೆ ಹೋದೆ.

"ಆಂಟಿ, ಇದು ಪ್ರಾರ್ಥನಿ ಅಲ್ಲ, ಬ್ಲ್ಯಾಕ್‌ಮೇಲ್. ಉಪಾಸ ಇದ್ದು ನಮ್ಮಪ್ಪನ್ನ ಹೆದರಸಾಕತ್ತೀರಿ."

ಆಕೆ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರು. "ಇದ್ರೂ ಇರಬಹುದವ್ವಾ. ಹಂಗ ಆಗಿದ್ರ ದೇವರ ಹತ್ರ ಕ್ಷಮಾ ಕೇಳತೇನಿ. ನಾಷ್ಟಾ ಮಾಡೀಯೋ ಇಲ್ಲೋ? ನಿನ್ನ ಬಾಯಿ ಮದಲ ಭಾಳ ಖಾರ ಐತಿ, ಮಿರ್ಚಿ ಬ್ಯಾಡ. ಬರೇ ಒಗ್ಗರಣಿ ತಿನ್ನು."

ಸುತ್ತ ನಿಂತ ಹಮಾಲರು ಹೋ ಎಂದು ನಕ್ಕರು. ಒಪ್ಪಿಕೊಂಡುಬಿಡುವವರನ್ನು ಸೋಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ತಾಟು ಕೊಡುವಾಗ ನನ್ನ ಕೈ ಒತ್ತಿ ಹಿಡಿದರು. ತಣ್ಣಗಿತ್ತು ಎಂದೆನಲ್ಲ, ಅದು ಆಗಲೇ.

ಮುಂದೊಂದು ಭಾನುವಾರ ಅಪ್ಪನನ್ನು ಕರೆಯಲು ಹೋದವಳು ಆಕೆಯ ಬಾಗಿಲಲ್ಲೇ ನಿಂತೆ. ಒಳಗೆ ಸಾಕ್ಷಿಯ ಹೊತ್ತು. ಒಬ್ಬೊಬ್ಬರೇ ಎದ್ದು ತಮ್ಮ ಬದುಕಿನ ಮಾತು ಹೇಳಿಕೊಳ್ಳುತ್ತಿದ್ದರು. ಅಪ್ಪ ಎದ್ದ. ಶಾಲೆಯ ಗ್ಯಾದರಿಂಗಿನಲ್ಲಿ ನನಗೆ ಭಾಷಣದ ಬಹುಮಾನ ಬಂದ ದಿನ, ತಾನು ಕುಡಿದು ಬಂದು ವೇದಿಕೆಯ ಮುಂದೆ ಬಿದ್ದದ್ದನ್ನು ಹೇಳಿದ. "ನನ್ನ ಮಗಳು ಬಹುಮಾನ ಹಿಡಕೊಂಡು ನನ್ನ ದಾಟಿ ಹೋದಳ್ರಿ" ಎಂದು ಬಿಕ್ಕಿದ. ಅದು ಅವನಿಗೆ ನೆನಪಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಮ್ಮೆಯೂ ಆ ಸುದ್ದಿ ತೆಗೆದವನಲ್ಲ. ನನಗೆ ಸೇರಬೇಕಾದ ಕಣ್ಣೀರು ಯಾರ್ಯಾರದೋ ಮುಂದೆ ಸುರಿದುಹೋಯಿತು. ಆಕೆ ಅವನ ಬೆನ್ನು ಸವರುತ್ತಿದ್ದರು. ಆ ಕೈ ಎಳೆದು ಬಿಸಾಕಬೇಕು ಅನ್ನಿಸಿತು.

ಅದಕ್ಕಿಂತ ದೊಡ್ಡ ಉರಿ ಬೇರೆ ಇದೆ. ನಮ್ಮ ಅಡುಗೆಮನೆಯಲ್ಲೂ ಒಂದು ತಾಟು ಬೋರಲು ಬೀಳುತ್ತಿತ್ತು. ಅಪ್ಪ ಉಣ್ಣದೆ ಅವ್ವ ಉಣ್ಣುವವಳಲ್ಲ. ಅವನು ಕುಡಿದು ಬಂದು ಹಾಗೇ ಮಲಗಿದ ದಿನ ಅವಳೂ ತಾಟು ಬೋರಲು ಹಾಕಿ ಮಲಗಿಬಿಡುತ್ತಿದ್ದಳು. ನನ್ನ ಬಾಲ್ಯವೆಲ್ಲ ಇದನ್ನೇ ಕಂಡದ್ದು. ಅದನ್ನು ಯಾರೂ ಉಪವಾಸ ಪ್ರಾರ್ಥನೆ ಎನ್ನಲಿಲ್ಲ, ಅವಳ ಹಸಿವಿಗೆ ಸಾಕ್ಷಿ ಹೇಳಲು ಯಾರೂ ಎದ್ದು ನಿಲ್ಲಲಿಲ್ಲ. ಕೆದಕಿದರೆ ಅವ್ವ ನಗುತ್ತಾಳೆ: "ಯಾರ ಹಸದ್ರೇನ ಹುಚ್ಚೀ, ಅವ ಬಿಟ್ಟನಲ್ಲ, ಸಾಕ." ನನಗೆ ಸಾಲದು.

ಈ ಬೇಸಿಗೆಯಲ್ಲಿ ಆಕೆ ಎದೆನೋವಿನಿಂದ ತೀರಿಕೊಂಡರು. ಅಪ್ಪ ಬದುಕಿರುವುದು ಆಕೆಯಿಂದ. ಇದನ್ನು ಅಲ್ಲಗಳೆಯುವ ವಾದ ನನ್ನಲ್ಲಿಲ್ಲ. ಈ ಋಣ ಇರುವುದರಿಂದಲೇ ಹೊಟ್ಟೆಕಿಚ್ಚು ಆರುವುದಿಲ್ಲವೇನೋ.

ಮಣ್ಣು ಮಾಡಿ ಬಂದ ಅಪ್ಪ ಸ್ನಾನ ಮುಗಿಸಿ, ಅಡುಗೆಮನೆಗೆ ಬಂದು, ತನ್ನ ತಾಟನ್ನು ಒಲೆಯ ಪಕ್ಕ ಬೋರಲು ಹಾಕಿದ. "ಇವತ್ತ ನಾ ಉಣ್ಣೂದಿಲ್ಲ. ಅವ್ವಾರ ಸಲುವಾಗಿ."

ಅವ್ವ ರೊಟ್ಟಿ ಬುಟ್ಟಿ ಮುಚ್ಚಿ, ತನ್ನ ತಾಟನ್ನೂ ಅದರ ಪಕ್ಕ ಬೋರಲು ಹಾಕಿದಳು, ಎಂದಿನಂತೆ. ಗೋಡೆಗೊರಗಿ ಕಣ್ಣು ಮುಚ್ಚಿದ್ದ ಅಪ್ಪ ಅದನ್ನು ನೋಡಲಿಲ್ಲ.

"ಅಪ್ಪಾ" ಎಂದೆ. ಕಣ್ಣು ತೆರೆದ.

"ಬಂಡ್ಯಾಗ ಬೋರಲ ಹಾಕಿದ ತಾಟು ನಿನಗ ಕಂಡ್ತು. ಮನ್ಯಾಗ ಇಷ್ಟು ವರ್ಷ ಅವ್ವ ಬೋರಲ ಹಾಕಿದ್ದು ಯಾಕ ಕಾಣಲಿಲ್ಲ?"