ಕಳೆದುಹೋಗದ ಆಡು

ನಿನ್ನೆ ಸಂಜೆ ಬಾಗಿಲು ತೆಗೆದರೆ ಚಕ್ಕುಲಿಯ ಪರಿಮಳ. ಕೆಳಗಿನ ಮನೆಯ ಸಂಕಪ್ಪಣ್ಣನ ಸೊಸೆ ಬಾಳೆಲೆಯಲ್ಲಿ ಸುತ್ತಿದ ಕಟ್ಟು ಹಿಡಿದುಕೊಂಡು ನಿಂತಿದ್ದಳು. "ಅಕ್ಕಾ, ಅಜ್ಜನಿಗೆ ಇಟ್ಟದ್ದು. ಇದು ನಿಮ್ಮ ಪಾಲು" ಎಂದು ಕೈಗಿತ್ತು ಹೋದಳು. ದೈವ ಕೊರಗಜ್ಜನಿಗೆ ಹರಕೆ ಇಟ್ಟ ಚಕ್ಕುಲಿ ವರ್ಷವೂ ತಪ್ಪದೆ ಬ್ಯಾರಿ ಮುಸ್ಲಿಮರ ಒಂದು ಮನೆಗೆ ಬರುವುದು ಯಾಕೆ ಎಂದು ನೀವು ಕೇಳಬಹುದು. ಕೇಳದಿದ್ದರೂ ನಾನು ಹೇಳುವವಳೇ. ಮಕ್ಕಳಿಗೆ ಕ್ರಿಸ್ಮಸ್ ರಜೆ ಸಿಕ್ಕಿದೆ, ವಿದ್ಯಾನಗರದ ಕ್ವಾರ್ಟರ್ಸಿನಿಂದ ಕುಂಜತ್ತೂರಿನ ತವರಿಗೆ ಬಂದು ಕೂತಿದ್ದೇನೆ, ಆಫೀಸಿನ ಫೈಲುಗಳಿಲ್ಲದೆ ಬಾಯಿ ತುರಿಸುತ್ತಿದೆ.

ಚಕ್ಕುಲಿಯನ್ನು ಉಮ್ಮ, ಅಂದರೆ ನನ್ನ ಅಮ್ಮ, ಡಬ್ಬಿಗೆ ಹಾಕಿ ಮುಚ್ಚಿಟ್ಟರು. ಮಕ್ಕಳು ಅರ್ಧ ಗಂಟೆಯಲ್ಲಿ ಖಾಲಿ ಮಾಡಿದರು. ಉಮ್ಮ ಮಾತ್ರ ಯಾವ ವರ್ಷವೂ ಅದನ್ನು ಬಾಯಿಗೆ ಹಾಕಿದವರಲ್ಲ. ಅದು ಧರ್ಮದ ಪ್ರಶ್ನೆ ಎಂದುಕೊಳ್ಳಬೇಡಿ. ನಾಚಿಕೆಯ ಪ್ರಶ್ನೆ.

ನಮ್ಮ ಮನೆ ಇರುವುದು ಗುಡ್ಡದ ಬುಡದಲ್ಲಿ. ಕೆಂಪು ಮುರಕಲ್ಲಿನ ಬೋಳು ಗುಡ್ಡ, ಅಲ್ಲಲ್ಲಿ ಗೇರು ಮರ, ಡಿಸೆಂಬರಿನಲ್ಲಿ ಸೊಂಟದವರೆಗೆ ಒಣಗಿ ನಿಂತ ಮುಳಿಹುಲ್ಲು. ಮೇಲೆ ನಿಂತರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗಡಿಯಾಚೆಯ ಕರ್ನಾಟಕ. ಇಷ್ಟು ಚಂದದ ಗುಡ್ಡಕ್ಕೆ ನಮ್ಮೂರಿನವರು ಚಂದ ನೋಡಲು ಹೋದದ್ದು ಮಾತ್ರ ಇಲ್ಲ. ಹುಲ್ಲು ಕೊಯ್ಯಲು ಹೋಗುತ್ತಾರೆ, ಸೊಪ್ಪಿಗೆ ಹೋಗುತ್ತಾರೆ, ಕಟ್ಟಿಗೆಗೆ ಹೋಗುತ್ತಾರೆ. ಕೈಬೀಸಿಕೊಂಡು ಗುಡ್ಡ ಹತ್ತುವವನಿಗೆ ಒಂದೋ ತಲೆ ಸರಿ ಇಲ್ಲ, ಇಲ್ಲವೇ ಮನೆಯಲ್ಲಿ ಜಗಳ ಆಗಿದೆ ಎಂದೇ ಲೆಕ್ಕ.

ಅಂಥ ಊರಿನಲ್ಲಿ ನಮ್ಮ ಉಪ್ಪನಿಗೆ ನಡೆಯುವ ಹುಚ್ಚು. ಅವರು ಶಾರ್ಜಾದ ಒಂದು ಅಂಗಡಿಯಲ್ಲಿದ್ದವರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು, ಅದೂ ನಮ್ಮ ಕ್ರಿಸ್ಮಸ್ ರಜೆಗೆ ಸರಿಯಾಗಿ. ಬೇರೆಯವರ ತಂದೆಯಂದಿರು ಗಲ್ಫಿನಿಂದ ಬಂದರೆ ಕಾರು ಬಾಡಿಗೆಗೆ ಹಿಡಿದು ಮಂಗಳೂರಿಗೆ ಹೋಗುತ್ತಿದ್ದರು, ಐಸ್‌ಕ್ರೀಮ್ ತಿನ್ನಿಸುತ್ತಿದ್ದರು. ನಮ್ಮ ಉಪ್ಪ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅಂಗಳದಲ್ಲಿ ನಿಂತು, "ಹೊರಡುವನಾ?" ಎನ್ನುತ್ತಿದ್ದರು. (ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.) "ಅಲ್ಲಿ ರೂಮಿನಿಂದ ಅಂಗಡಿ, ಅಂಗಡಿಯಿಂದ ರೂಮು. ನನ್ನ ಕಾಲಿಗೆ ಏರು ಎಂಬುದೇ ಮರೆತುಹೋಗಿದೆ ನಫೀಸಾ" ಎಂದು ಉಮ್ಮನನ್ನು ಕರೆಯುತ್ತಿದ್ದರು. ಅವರಿಗೆ ಬೇಕಾದದ್ದು ಬರೀ ಗುಡ್ಡವಲ್ಲ. ಪಕ್ಕದಲ್ಲಿ ಉಮ್ಮ ಬೇಕು, ಹಿಂದೆ ನಾನು ಮತ್ತು ತಮ್ಮ ಬೇಕು. ಎಲ್ಲರೂ ಒಟ್ಟಿಗೆ ನಡೆಯಬೇಕು, ಅಷ್ಟೇ.

ಉಮ್ಮನಿಗೆ ಜೀವ ಹೋದ ಹಾಗಾಗುತ್ತಿತ್ತು. ಗಂಡನ ಪಕ್ಕದಲ್ಲಿ ಹೆಂಡತಿ ಸುಮ್ಮನೆ ಗಾಳಿ ತಿನ್ನಲು ಹೊರಟರೆ ನೋಡಿದವರು ಎಂತ ಹೇಳಿಯಾರು? "ಗಲ್ಫಿನ ಹಣ ಬಂದದ್ದೇ ಬಂದದ್ದು, ಇವರಿಗೆ ನೆಲವೇ ಕಾಣುವುದಿಲ್ಲ" ಎಂದು ಹೇಳಿಯೇ ಹೇಳುತ್ತಾರೆ! ಅದಕ್ಕೆ ಉಮ್ಮ ಒಂದು ಉಪಾಯ ಮಾಡಿದ್ದರು. ಹೊರಡುವಾಗ ಕೈಯಲ್ಲಿ ಒಂದು ಕತ್ತಿ, ಹೆಗಲಲ್ಲಿ ಒಂದು ಹಗ್ಗ. ಯಾರು ಕೇಳಿದರೂ "ಸೊಪ್ಪಿಗೆ" ಎಂದು ಒಂದೇ ಮಾತು. ಇಸ್ತ್ರಿ ಹಾಕಿದ ಪ್ಯಾಂಟು, ಫಳಫಳ ಶೂ, ಸೆಂಟಿನ ಘಮಘಮ ಇರುವ ಗಂಡಸನ್ನು ಮುಂದಿಟ್ಟುಕೊಂಡು ಸೊಪ್ಪಿಗೆ! ಯಾರು ನಂಬುತ್ತಿದ್ದರೋ ದೇವರೇ ಬಲ್ಲ. ಅಷ್ಟಾದರೂ ಉಮ್ಮ ಪಕ್ಕದಲ್ಲಿ ನಡೆದವರಲ್ಲ, ಹಿಂದೆಯೇ. ಉಪ್ಪ ನಿಂತು ಕಾದರೆ ಉಮ್ಮನೂ ಅಲ್ಲಿಯೇ ನಿಲ್ಲುತ್ತಿದ್ದರು. ನಾನೇನು ಕಡಿಮೆಯೇ? ಕ್ಲಾಸಿನ ಹುಡುಗಿಯರು ಎದುರಾದರೆ ಇವರು ಯಾರೋ ನಾನು ಯಾರೋ ಎಂಬಂತೆ ಗೇರು ಮರದ ಹಿಂದೆ ಸರಿಯುತ್ತಿದ್ದೆ.

ಒಂದು ದಿನ ಉಪ್ಪನ ಅವಸರಕ್ಕೆ ಕತ್ತಿ, ಹಗ್ಗ ಎರಡೂ ಮನೆಯಲ್ಲೇ ಉಳಿದವು. ಅರ್ಧ ಗುಡ್ಡ ಹತ್ತಿದ ಮೇಲೆ ಉಮ್ಮನಿಗೆ ನೆನಪಾಯಿತು. ಹಿಂದೆ ತಿರುಗುವಷ್ಟರಲ್ಲಿ ಹುಲ್ಲಿನ ಕಟ್ಟು ಹೊತ್ತು ಸಂಕಪ್ಪಣ್ಣ ಎದುರು ಬಂದರು. ನಮ್ಮೆಲ್ಲರ ಖಾಲಿ ಕೈಗಳನ್ನು ನೋಡಿ, "ಎಂತ ಬ್ಯಾರಿಗಳೇ, ಮನೆಯವರೆಲ್ಲ ಈ ಕಡೆ?" ಎಂದರು. ಉಪ್ಪ ನಗುತ್ತಾ ಬಾಯಿ ತೆರೆದರು. ಅವರಿಗಿಂತ ಮೊದಲು ಉಮ್ಮ ಹಿಂದಿನಿಂದ, "ಆಡು ಕಾಣುವುದಿಲ್ಲ ಸಂಕಪ್ಪಣ್ಣ, ಹುಡುಕ್ಲಿಕ್ಕೆ ಬಂದದ್ದು" ಎಂದುಬಿಟ್ಟರು. ಆಡು ನಮ್ಮ ಹಿತ್ತಲಿನ ಹಲಸಿನ ಮರಕ್ಕೆ ಕಟ್ಟಿದಲ್ಲೇ ಆರಾಮವಾಗಿ ಸೊಪ್ಪು ತಿನ್ನುತ್ತಿತ್ತು.

ಸಂಕಪ್ಪಣ್ಣ ಹುಲ್ಲಿನ ಕಟ್ಟು ದೊಪ್ಪನೆ ಇಳಿಸಿದರು. "ಅಯ್ಯೋ, ಗಬ್ಬದ ಆಡಲ್ವಾ ಅದು! ಕತ್ತಲಾದರೆ ನರಿ ಬಿಟ್ಟೀತಾ? ನೀವು ರಜೆಯಲ್ಲಿ ಬಂದವರು, ನಿಮಗೆ ಈ ಗುಡ್ಡದ ಹೊಂಡ ಎಲ್ಲಿ ಉಂಟು ಅಂತ ಗೊತ್ತುಂಟಾ?" ಎಂದು ಕೆಳಗಿನ ಮನೆಗಳ ಕಡೆಗೆ ಒಂದು ಕೂಗು ಹಾಕಿದರು. ಐದಾರು ಜನ ಓಡಿ ಬಂದರು. ಉಪ್ಪ ಉಮ್ಮನ ಮುಖ ನೋಡಿದರು. ಉಮ್ಮ ನೆಲ ನೋಡಿದರು. ನಿಜ ಹೇಳಲು ಒಂದು ಕ್ಷಣ ಇತ್ತು, ಅದು ದಾಟಿಹೋಯಿತು. ಆಮೇಲೆ ಬಾಯಿ ಬಿಟ್ಟರೆ ಬಣ್ಣಗೇಡು. ಸಂಕಪ್ಪಣ್ಣ ಮುಳಿಹುಲ್ಲಿನಲ್ಲಿ ಕಾಲು ಗೀರಿಸಿಕೊಂಡು, ಹೊಂಡ ಹೊಂಡ ಇಳಿದು ನೋಡಿದರು. ಕೊನೆಗೆ ತಲೆಯ ಮುಟ್ಟಾಳೆ ತೆಗೆದು, ಪಡುವಣಕ್ಕೆ ತಿರುಗಿ ಕೈಮುಗಿದು ನಿಂತರು. "ಅಜ್ಜಾ, ಪಾಪದವರ ಆಡು. ಕ್ಷೇಮದಲ್ಲಿ ಮನೆ ಸೇರಲಿ. ಚಕ್ಕುಲಿ, ವೀಳ್ಯ ನಾನು ಇಡ್ತೇನೆ."

ನಮ್ಮ ಕಡೆ ಗೊತ್ತಿರುವ ಸಂಗತಿಯೇ. ಏನಾದರೂ ಕಳೆದುಹೋದರೆ ಅಜ್ಜನಿಗೆ ಹೇಳಿಕೊಳ್ಳುತ್ತಾರೆ, ಸಿಕ್ಕಿದ ಮೇಲೆ ಹರಕೆ ಒಪ್ಪಿಸುತ್ತಾರೆ. ಕಳೆಯದ ವಸ್ತುವಿಗೆ ಹರಕೆ ಹೊತ್ತದ್ದು ಅದೇ ಮೊದಲಿರಬೇಕು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆವು ನಾವು ನಾಲ್ಕು ಜನ. ಮುರಕಲ್ಲಿನ ಭೂಮಿ, ಅದು ಎಲ್ಲಿ ಬಾಯಿ ಬಿಡುತ್ತದೆ!

ಉಮ್ಮ ಓಡಿ ಇಳಿದು, "ಸಿಕ್ಕಿತು, ತಾನಾಗಿ ಬಂದು ನಿಂತಿದೆ" ಎಂದು ಕೆಳಗಿನಿಂದ ಕೂಗಿದರು. ಜನರೆಲ್ಲ ಹೋ ಎಂದರು. ಸಂಕಪ್ಪಣ್ಣನ ಕಣ್ಣಲ್ಲಿ ನೀರು. "ನೋಡಿದ್ರಾ ಬ್ಯಾರಿಗಳೇ, ಅಜ್ಜನಿಗೆ ಜಾತಿ ಇಲ್ಲ" ಎಂದು ಉಪ್ಪನ ಕೈ ಹಿಡಿದರು. ಆ ಕೈ ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ಉಪ್ಪ ನಿಂತದ್ದು ಈಗಲೂ ನನ್ನ ಕಣ್ಣಮುಂದೆ ಇದೆ.

ಮನೆಗೆ ಬಂದು ಉಪ್ಪ, "ಹೋಗಿ ನಿಜ ಹೇಳಿ ಬರುತ್ತೇನೆ" ಎಂದರು. ಉಮ್ಮ ಅಡ್ಡ ನಿಂತರು. "ಅವರ ದೈವದ ಎದುರು ಸುಳ್ಳು ಹೇಳಿದ ಹಾಗಾಯ್ತು. ಇನ್ನು ಹೇಳಿದರೆ ಅವರು ನಮ್ಮ ಮುಖ ನೋಡಿಯಾರಾ?" ಎಂದು ಅತ್ತರು. ಉಪ್ಪ ಶೂ ಬಿಚ್ಚಿ ಒಳಗೆ ಹೋದರು. ಮರುದಿನ ಸಂಕಪ್ಪಣ್ಣ ಹರಕೆ ಒಪ್ಪಿಸಿ ಚಕ್ಕುಲಿಯಲ್ಲಿ ಅರ್ಧ ಪಾಲು ನಮಗೆ ತಂದರು. ಆ ಸಂತೋಷಕ್ಕೆ ವರ್ಷವರ್ಷವೂ ಇಟ್ಟರು. ಅವರು ತೀರಿಹೋದ ಮೇಲೆ ಮಗ ಇಡುತ್ತಿದ್ದಾನೆ. ಇನ್ನು ಹೇಳುವುದು ಯಾರಿಗೆ?

ಆ ರಜೆಯಲ್ಲಿ ಮತ್ತೆ ಗುಡ್ಡಕ್ಕೆ ಹೋಗಲಿಲ್ಲ. ಮುಂದಿನ ಸಲ ಬಂದಾಗ ಉಪ್ಪ ಅಂಗಳದಲ್ಲಿ ನಿಂತು ಮೇಲೆ ನೋಡಿದರು, ಹೊರಡುವನಾ ಎಂದು ಕೇಳಲಿಲ್ಲ. ಉಮ್ಮನೂ ಒಳಗಿನಿಂದ ಬರಲಿಲ್ಲ. ಎರಡು ವರ್ಷ ಕಾದು ಬಂದ ಮನುಷ್ಯ ಸಂಜೆಯೆಲ್ಲ ಕುರ್ಚಿಯಲ್ಲಿ ಕೂತು ಟಿ.ವಿ. ನೋಡಿದರು. ಕ್ಲಾಸಿನ ಹುಡುಗಿಯರ ಎದುರು ಮಾನ ಉಳಿಯಿತು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಉಪ್ಪ ಗಲ್ಫ್ ಬಿಟ್ಟು ಬಂದು ವರ್ಷಗಳಾದವು. ಮಂಡಿ ನೋವು, ಸಕ್ಕರೆ, ಎಲ್ಲ ಉಂಟು. ಇವತ್ತು ಸಂಜೆ ನನ್ನ ಮಕ್ಕಳು ಗುಡ್ಡ ಹತ್ತುತ್ತೇವೆ ಎಂದು ಹೊರಟವು. ಅವರ ಭಾಷೆಯಲ್ಲಿ ಅದು ಟ್ರೆಕ್ಕಿಂಗ್. "ಬನ್ನಿ ಉಪ್ಪ" ಎಂದೆ. "ನಾನು ಎಂತಕ್ಕೆ ಮೋಳೇ? ಅಲ್ಲಿ ನನಗೆ ಎಂತ ಕೆಲಸ ಉಂಟು?" ಎಂದರು. ಗುಡ್ಡಕ್ಕೆ ಹೋಗಲು ಕೆಲಸ ಬೇಕು ಎಂದು ನಾವೇ ಅವರಿಗೆ ಕಲಿಸಿದ್ದೇವಲ್ಲ!

ಉಮ್ಮ ಅಡುಗೆಮನೆಯಿಂದ ಬಂದು ಗೂಟದಲ್ಲಿದ್ದ ಬುರ್ಖಾ ಹಾಕಿಕೊಂಡರು. "ಏಳಿ" ಎಂದರು ಉಪ್ಪನಿಗೆ. ಅಷ್ಟೇ. ಸಂಕಪ್ಪಣ್ಣನ ಮನೆಯ ಮುಂದೆ ಸೊಸೆ ಅಂಗಳ ಗುಡಿಸುತ್ತಿದ್ದಳು. "ಓ, ಎಲ್ಲರೂ ಎಲ್ಲಿಗೆ ಹೊರಟದ್ದು?" ಎಂದಳು. ಉಮ್ಮ ನಿಂತರು. ಕಿವಿಯವರೆಗೆ ಕೆಂಪಾದರು. ಉಪ್ಪನ ತೋಳು ಹಿಡಿದುಕೊಂಡು ಹೇಳಿದರು:

"ಎಲ್ಲಿಗೂ ಅಲ್ಲ ಮಗಳೇ. ಇವರಿಗೆ ನಮ್ಮ ಒಟ್ಟಿಗೆ ನಡೀಲಿಕ್ಕೆ ಆಸೆ. ಅವತ್ತೂ ಅಷ್ಟೇ ಇದ್ದದ್ದು."

ಅವತ್ತು ಎಂದರೆ ಯಾವತ್ತು ಎಂದು ಅವಳಿಗೆ ತಿಳಿಯಲಿಲ್ಲ. "ಹೌದಾ, ಹೋಗಿ ಬನ್ನಿ" ಎಂದು ಗುಡಿಸುತ್ತಾ ಹೋದಳು. ಉಪ್ಪನ ಚಪ್ಪಲಿಯ ಪಟ್ಟಿ ಮಾತ್ರ ಆಗಲೇ ಸಡಿಲಾಯಿತು. ಬಗ್ಗಿ ಅದನ್ನು ಸರಿಮಾಡುತ್ತಾ ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಉಮ್ಮ ಪಕ್ಕದಲ್ಲಿಯೇ ನಿಂತಿದ್ದರು.